ಹದಿನಾಲ್ಕು ಶನಿವಾರಗಳ ಸಹಿ

ಮುನಿಲಕ್ಷ್ಮಿ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು. ಅದೂ ಅವಳ ಮನೆಯ ಜಗಲಿಯ ಮೇಲೆ, ಅವಳ ಅಪ್ಪ ಅಮ್ಮನ ಎದುರಿಗೆ, ಅವಳ ಮುಖವನ್ನೇ ನೋಡುತ್ತಾ. ಆಗ ಅವಳಿಗೆ ಹದಿನಾರು, ನನಗೆ ಮೂವತ್ತೆಂಟು. ಬುದ್ಧಿ ಬಂದಿರಲಿಲ್ಲ ಅನ್ನುವ ವಯಸ್ಸಲ್ಲ.

ಜಡಿಗೇನಹಳ್ಳಿಯ ಹತ್ತಿರದ ಒಂದು ಊರಿನಲ್ಲಿ ನಾನು ಹಾಲಿನ ಡೇರಿಯ ಕಾರ್ಯದರ್ಶಿ. ನೀರು ಬೆರೆಸಿದ ಹಾಲನ್ನು ಯಾರದೇ ಆಗಲಿ ವಾಪಸು ಕಳಿಸುತ್ತಿದ್ದೆ — ನನ್ನ ಸ್ವಂತ ಓರಗಿತ್ತಿಯದನ್ನೂ. ಹಾಗಾಗಿ ಊರಿನಲ್ಲಿ ನನ್ನ ಮಾತೆಂದರೆ ಮಾತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ — ಈ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಏರ್‌ಪೋರ್ಟ್ ಕಟ್ಟುತ್ತಿದ್ದ ಕಾಲ ಅದು. ದೇವನಹಳ್ಳಿಯ ಜಮೀನಿನ ಬೆಲೆ ಬೂದಿಗೆರೆ ದಾಟಿ ನಮ್ಮ ಹೊಲಗಳ ತನಕ ಬಂದಿತ್ತು. ಹೊಲ ಮಾರಿದ ಮನೆಗಳಲ್ಲಿ ಮೊದಲು ಕಾರು ಬರುತ್ತಿತ್ತು, ಆಮೇಲೆ ಮಗಳ ಮದುವೆ. ಅಂಥ ಹುಡುಗಿಯರು ಶಾಲೆ ಬಿಡದಿರಲಿ ಎಂದು ಬೆಂಗಳೂರಿನ ಒಂದು ಸಂಸ್ಥೆಯವರು ಒಬ್ಬೊಬ್ಬಳಿಗೂ ಊರಿನ ಒಬ್ಬ ಹೆಂಗಸನ್ನು ‘ಜೊತೆಯಕ್ಕ’ ಎಂದು ನೇಮಿಸಿದರು. ಎರಡು ದಿನ ತರಬೇತಿ. ದುಂಡಗೆ ಕೂರಿಸಿ, ಕಣ್ಣು ಮುಚ್ಚಿಸಿ, ನಿಮ್ಮ ಬಾಲ್ಯವನ್ನು ನೆನೆಯಿರಿ ಅಂದರು. ಬೆಳಗ್ಗೆ ನಾಲ್ಕಕ್ಕೆ ಏಳುವ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಕೆಲಸ ಏನೂ ಕಷ್ಟದ್ದಲ್ಲ. ಪ್ರತಿ ಶನಿವಾರ ಹುಡುಗಿಯ ಮನೆಗೆ ಹೋಗಿ ಒಂದು ಗಂಟೆ ಕೂರಬೇಕು, ಓದಿನ ಬಗ್ಗೆ, ಮನೆಯ ಬಗ್ಗೆ ಕೇಳಬೇಕು, ಒಂದು ಹಾಳೆ ತುಂಬಿ ಅವಳ ಸಹಿ ತೆಗೆದುಕೊಳ್ಳಬೇಕು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಫೇಲಾಗಿ ಮನೆಯಲ್ಲಿದ್ದ ಮುನಿಲಕ್ಷ್ಮಿ ನನ್ನ ಪಾಲಿಗೆ ಬಂದಳು. ಎರಡು ಶನಿವಾರ ಹೋದೆ. ಲೆಕ್ಕ ಬಿಡಿಸಿ ತೋರಿಸಿದಳು, ಗೆಲುವಾಗಿದ್ದಳು. ಮೂರನೆಯ ಶನಿವಾರ ಸೊಂಟ ನೋವು, ನಾಲ್ಕನೆಯ ಶನಿವಾರ — ಏನೋ ಒಂದು, ಈಗ ನೆನಪೂ ಇಲ್ಲ.

ಎರಡು ಹೊತ್ತೂ ಹಾಲು ಹಾಕಲು ಡೇರಿಗೆ ಬರುತ್ತಾಳಲ್ಲ, ದಿನಾ ನೋಡುತ್ತೇನಲ್ಲ, ಇನ್ನು ಮನೆಗೆ ಬೇರೆ ಯಾಕೆ ಹೋಗಬೇಕು ಅನ್ನಿಸಿತು. ನಮ್ಮ ಡೇರಿಯಲ್ಲಿ ಸಭೆ ನಡೆಯದಿದ್ದರೂ, ಹಾಲು ಹಾಕಲು ಬಂದವರಿಂದ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವುದು ಮೊದಲಿನಿಂದ ಇದ್ದ ಪದ್ಧತಿ. ಅದೇ ಕೈಚಳಕ ಇಲ್ಲಿಯೂ ಮಾಡಿದೆ. ಖಾಲಿ ಹಾಳೆಗಳನ್ನು ಒಟ್ಟಿಗೆ ಮುಂದಿಟ್ಟು, “ಹಾಕಮ್ಮ, ಆಮೇಲೆ ನಾನ್ ತುಂಬ್ಕೋತೀನಿ” ಅಂದೆ. ಅಕ್ಕ ಹೇಳಿದಳೆಂದು ಹಾಕಿದಳು.

‘ಮನೆಯಲ್ಲಿ ಮದುವೆಯ ಮಾತು ಇದೆಯೇ?’ ಎಂದು ಆ ಹಾಳೆಯಲ್ಲಿ ಒಂದು ಪ್ರಶ್ನೆ ಇತ್ತು. ಕೇಳದೆಯೇ ‘ಇಲ್ಲ’ ಎಂದು ಬರೆಯುತ್ತಾ ಹೋದೆ.

ಒಂದು ಸಂಜೆ ಹಾಲು ಹಾಕಿದ ಮೇಲೂ ಅವಳು ಹೋಗಲಿಲ್ಲ. ಹಿಂದಿನವರೆಲ್ಲ ಹಾಕಿ ಹೋಗಲೆಂದು ಗೋಡೆಗೆ ಒರಗಿ ನಿಂತಿದ್ದಳು. “ಅಕ್ಕಾ, ನಿಮ್ಮತ್ರ ಒಂದ್ ಮಾತಾಡ್ಬೇಕಿತ್ತು.” ಹಾಲಿನ ಲಾರಿ ಬರುವ ಹೊತ್ತು, ನನಗೆ ತಲೆ ಕೆಟ್ಟಿತ್ತು. “ಶನಿವಾರ ಬರ್ತೀನಲ್ಲ, ಆಗ ಹೇಳು” ಅಂದೆ. ಆ ಶನಿವಾರ ಹೊಸಕೋಟೆಯಲ್ಲಿ ತಂಗಿಯ ಮಗುವಿನ ನಾಮಕರಣ. ಹೋಳಿಗೆ ತಿಂದು ಬಂದು ಹಾಳೆ ತುಂಬಿದೆ. ‘ಇಲ್ಲ.’

ಮರುವಾರ ಅವಳೇ ಕಾಯಿನ್ ಫೋನಿನಿಂದ ಸಂಸ್ಥೆಗೆ ಫೋನ್ ಮಾಡಿದ್ದಾಳೆ — ಸೋದರಮಾವನಿಗೆ ಕೊಡುತ್ತಿದ್ದಾರೆ, ನಾನು ಓದಬೇಕು, ಅಕ್ಕ ಬರುವುದೇ ಇಲ್ಲ ಅಂತ. ಆಫೀಸಿನಿಂದ ಒಬ್ಬ ಹುಡುಗಿ ಬಂದಳು. ಪಾಪ, ಕೆಲಸಕ್ಕೆ ಹೊಸಬಳು. ಅವಳು ಬಾಯಿ ಬಿಡುವ ಮೊದಲೇ ಹದಿನಾಲ್ಕು ಹಾಳೆ ಮುಂದಿಟ್ಟೆ. ಇಬ್ಬರೂ ಮುನಿಲಕ್ಷ್ಮಿಯ ಮನೆಗೆ ಹೋದೆವು.

“ಅಕ್ಕ ಎರಡೇ ಸಲ ಬಂದಿದ್ದು ಮೇಡಂ. ಸೈನ್ ಮಾತ್ರ ಹಾಕಿಸ್ಕೊಂಡ್ರು” ಎಂದಳು ಮುನಿಲಕ್ಷ್ಮಿ. ಹೇಳಿ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ — ಹೌದು ಅನ್ನಿ ಅಕ್ಕ, ಅನ್ನುವ ಹಾಗೆ. ಆಗಲೂ ಸಮಯವಿತ್ತು. ಒಂದು ‘ಹೌದು’, ಅಷ್ಟೇ ಸಾಕಿತ್ತು —

“ಸುಳ್ ಹೇಳ್ಬೇಡ ಕಣೇ. ಈ ಸೈನ್ ನಿಂದೇ ಅಲ್ವಾ?”

ತಲೆ ತಗ್ಗಿಸಿ ಹೌದು ಅಂದಳು. ಅವಳ ಅಪ್ಪ ನಾರಾಯಣಪ್ಪ ನಕ್ಕ. “ಪೇಟೆಗೆ ಹೋಗೋ ಆಸೆ ಮೇಡಂ, ಏನೇನೋ ಕತೆ ಕಟ್ತಾಳೆ. ಮದ್ವೆನೂ ಇಲ್ಲ, ಮುಂಜಿನೂ ಇಲ್ಲ.” ಒಂದು ಸುಳ್ಳಾದರೆ ಇನ್ನೊಂದೂ ಸುಳ್ಳೇ ಎಂದು ಆಫೀಸಿನ ಹುಡುಗಿ ಎದ್ದುಬಿಟ್ಟಳು. ತಿಂಗಳೊಳಗೆ ಮದುವೆಯಾಯಿತು. ಊಟಕ್ಕೆ ನಾನೂ ಹೋಗಿದ್ದೆ. ಕುಕ್ಕರ್ ಉಡುಗೊರೆ ಕೊಟ್ಟೆ. ಥೂ — ಅದನ್ನು ಬರೆಯಲೂ ಕೈ ಬರುವುದಿಲ್ಲ.

ಹೋದ ತಿಂಗಳು ಅದೇ ಸಂಸ್ಥೆಯವರು ಫೋನ್ ಮಾಡಿದ್ದರು. ಹೊಸ ಜೊತೆಯಕ್ಕಂದಿರಿಗೆ ಹಾಳೆ ತುಂಬುವುದು ಹೇಗೆಂದು ನಾನು ಹೇಳಿಕೊಡಬೇಕಂತೆ! ನನ್ನ ಹಾಳೆಗಳನ್ನು ಮಾದರಿ ಎಂದು ಇಟ್ಟುಕೊಂಡಿದ್ದಾರಂತೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಆ ಹದಿನಾಲ್ಕು ಹಾಳೆಗಳನ್ನು ಒಟ್ಟಿಗೆ ನೋಡಬಾರದಿತ್ತೇ? ಮೊದಲೆರಡು ಬಿಟ್ಟರೆ ಎಲ್ಲ ಸಹಿಯೂ ಒಂದೇ ಪೆನ್ನಿನದು, ಒಂದೇ ಅವಸರದ್ದು. ಆದರೆ ಆ ಸಿಟ್ಟೂ ಕಳ್ಳಸಿಟ್ಟೇ. ಹಿಡಿಯಲಿಲ್ಲವೆಂದು ಪೊಲೀಸರನ್ನು ಬಯ್ಯುವ ಕಳ್ಳನ ಸಿಟ್ಟು. ನಡೆದದ್ದೆಲ್ಲ ಆ ಫೋನಿನಲ್ಲೇ ಹೇಳಿಬಿಟ್ಟೆ. ಆ ಕಡೆಯವರು ತಬ್ಬಿಬ್ಬಾಗಿ, ಆಮೇಲೆ ಫೋನ್ ಮಾಡ್ತೀವಿ ಮೇಡಂ, ಅಂದರು.

ಹೊಸಕೋಟೆಗೆ ಹೋದೆ. ಮುನಿಲಕ್ಷ್ಮಿ ಈಗ ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಎರಡು ಮಕ್ಕಳು. ಗಣಿತದ ಪರೀಕ್ಷೆ ಮತ್ತೆ ಕಟ್ಟಲೇ ಇಲ್ಲ. ಗೇಟಿನ ಹೊರಗೆ ನಿಂತು ಎಲ್ಲ ಹೇಳಿದೆ, ತಪ್ಪಾಯಿತು ಅಂದೆ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ.

“ನಂಗ್ ಗೊತ್ತಿರೋದನ್ನ ನಂಗೇ ಹೇಳೋಕ್ ಬಂದ್ರಾ ಅಕ್ಕಾ? ನಮ್ಮಪ್ಪನ್ ಮುಂದೆ ಹೋಗಿ ಹೇಳಿ. ಇವತ್ತಿಗೂ ಮನೇಲಿ ನಾನ್ ಏನಂದ್ರೂ, ಇವಳ್ ಮೊದ್ಲಿಂದ್ಲೂ ಸುಳ್ಳಿ ಅಂತಾರೆ.”

ನಿನ್ನೆ ಹೋದೆ. ನಾರಾಯಣಪ್ಪನಿಗೆ ವಯಸ್ಸಾಗಿದೆ. ಅವನ ಹೆಂಡತಿಯನ್ನೂ ಕರೆದು ಎದುರಿಗೆ ಕೂರಿಸಿಕೊಂಡೆ. ನಿಮ್ಮ ಮಗಳು ಹೇಳಿದ್ದೇ ನಿಜ, ನಾನು ಎರಡೇ ಸಲ ಬಂದಿದ್ದೆ, ಅವತ್ತು ಸುಳ್ಳು ಹೇಳಿದವಳು ನಾನು ಅಂದೆ. ಅವನು ಬಯ್ಯಬಹುದು, ಹೊಡೆಯಲೂ ಬಹುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವನು ಎಲೆ ಅಡಿಕೆ ಜಗಿಯುತ್ತಾ ನನ್ನನ್ನು ನೋಡಿದ.

“ನಂಗ್ ಗೊತ್ತಿಲ್ವೇನಮ್ಮಾ ಅದು? ನಾನ್ ಮನೇಲೇ ಇದ್ನಲ್ಲ, ನೀನ್ ಯಾವ್ ಶನಿವಾರ ಬಂದಿದ್ದೆ? ನೀನ್ ಹಂಗ್ ಹೇಳಿದ್ದೇ ಒಳ್ಳೇದಾಯ್ತು. ಇಲ್ಲಾಂದ್ರೆ ಮದ್ವೆ ನಿಂತೋಗ್ತಿತ್ತು.”

ಹೆಂಡತಿ ಎದ್ದು ಒಳಗೆ ಹೋದಳು. ನನಗೆ ಕಾಫಿ ತರುವಂತೆ ಅವನು ಅವಳಿಗೆ ಕೂಗಿ ಹೇಳಿದ.

ನಾನು ಕುಡಿಯದೆ ಬಂದೆ. ಮುನಿಲಕ್ಷ್ಮಿಗೆ ಇನ್ನೂ ಹೇಳಿಲ್ಲ — ಅವಳ ಅಪ್ಪ ಅವಳನ್ನು ಒಂದು ದಿನವೂ ಸುಳ್ಳಿ ಎಂದು ನಂಬಿರಲಿಲ್ಲ ಅನ್ನುವುದನ್ನು. ಇಂದು ಅವಳ ಪಾಳಿ ಎರಡು ಗಂಟೆಗೆ ಮುಗಿಯುತ್ತದೆ. ಹೋಗಿ ಹೇಳಬೇಕು. ಹೇಳುತ್ತೇನೆ.