ಒರೆಯೊಳಗಿನ ವಿಭೂತಿ

ಗಿರಿಜಾಬಾಯಿ ತೀರಿಕೊಂಡು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ಅವಳನ್ನು ಶಾಂತ ಸ್ವಭಾವದ ಹೆಣ್ಣುಮಗಳು ಎಂದು ಹೊಗಳಿ, ಚಹ ಕುಡಿದು ಹೋದರು. ಅವಳು ಶಾಂತಳಾಗಿರಲಿಲ್ಲ. ಆಗಿದ್ದರೆ ಮಗ ನಿತಿನನ ಮದುವೆಯಲ್ಲಿ ಕಂಬದ ಹಿಂದೆಯೇ ನಿಂತಿರುತ್ತಿದ್ದಳು.

ಅವಳು ಸೊಲ್ಲಾಪುರದ ವ್ಯಾಪಾರಸ್ಥರ ಮಗಳು. ತಂದೆಯದು ಚಾಕು, ಅಡಕತ್ತರಿ, ಕುಡುಗೋಲು ಮಾರುವ ಅಂಗಡಿ. ಗಿರಾಕಿಗಳು ಹಿಡಿದು ನೋಡಿ ಇಟ್ಟುಹೋದ ಅಲಗುಗಳನ್ನು ಒರೆಸಿಡುವುದು ಚಿಕ್ಕಂದಿನಲ್ಲೇ ಅವಳ ಪಾಲಿಗೆ ಬಂದ ಕೆಲಸ. ಮದುವೆಯಾಗಿ ನಾಗಣಸೂರಿನ ಒಕ್ಕಲುತನದ ಮನೆಗೆ ಬಂದಳು. ಅವಳಿಗೆ ನಲವತ್ತೆರಡಾಗಿದ್ದಾಗ ಗಂಡ ಹೋದ.

ಆ ಮನೆಯಲ್ಲೊಂದು ಕಟ್ಯಾರ ಇತ್ತು. ಹೆಸರಿಗೆ ಕಟ್ಯಾರ, ನಿಜಕ್ಕೆ ಒಂದೇ ಕಡೆ ಹರಿತವಿದ್ದ ಗೇಣುದ್ದದ ಚೂರಿ. ಹಿಡಿಕೆಯ ಹತ್ತಿರ ಅಲಗಿನ ಮೇಲೆ ಕೂದಲೆಳೆಯಷ್ಟು ತೆಳುವಾಗಿ ಕೊರೆದ ಬಳ್ಳಿ. ಮನೆಯ ಪ್ರತಿ ಮದುಮಗನೂ ಅದರ ತುದಿಗೆ ಲಿಂಬೆಹಣ್ಣು ಚುಚ್ಚಿ, ಕೈಯಲ್ಲಿ ಹಿಡಿದೇ ಅಕ್ಷತೆಗೆ ನಿಲ್ಲಬೇಕು. ಅದನ್ನು ಒರೆಯೊಳಗಿಟ್ಟು ಅವನ ಕೈಗೆ ಕೊಡುವುದು ತಂದೆ, ತಂದೆಯಿಲ್ಲದಿದ್ದರೆ ದೊಡ್ಡಪ್ಪ. ಮದುವೆಯ ದಿನ ಗಂಡ ಸತ್ತವಳು ಅದನ್ನು ಮುಟ್ಟುವ ಹಾಗಿಲ್ಲ.

ನಿತಿನನ ಮದುವೆ ಗೊತ್ತಾದಾಗ ಕಟ್ಯಾರ ಟ್ರಂಕಿನಿಂದ ಹೊರಬಂತು. ಅಲಗಿನ ಎರಡೂ ಮಗ್ಗುಲಿಗೆ ಬೂದು ಗೀರುಗಳು, ಎಲ್ಲವೂ ಉದ್ದಕ್ಕೇ.

"ಹಳೇ ಕಬ್ಬಿಣ, ಸವದೈತಿ," ಎಂದ ಗಂಡನ ಅಣ್ಣ ಸಾತಲಿಂಗಪ್ಪ. "ಸೊಲ್ಲಾಪುರದಾಗ ಪಾಲಿಶ್ ಮಷೀನಿಗಿ ಹಿಡಿಸಿಬಿಡತೀನಿ. ಕನ್ನಡಿ ಹಂಗ ಹೊಳೀತೈತಿ."

"ಹೊಳೀತೈತಿ ಖರೆ, ಬಳ್ಳಿ ಉಳೀತೈತೇನ್ರಿ ಭಾವಾರ?"

ಅವಳು ಒರೆಯನ್ನು ತಲೆಕೆಳಗು ಮಾಡಿ ಕಡಪಾ ಕಲ್ಲಿನ ಮೇಲೆ ಕುಟ್ಟಿದಳು. ಬೂದಿಬಣ್ಣದ ಹೆಂಟೆಗಳು ಉದುರಿದವು. ಪ್ರತಿವರ್ಷ ಖಂಡೇನವಮಿಯ ಆಯುಧಪೂಜೆಗೆ ಅಲಗಿಗೆ ವಿಭೂತಿ, ಕುಂಕುಮ ಬಳಿದು, ಹಾಗೇ ಒರೆಗೆ ತುರುಕುತ್ತಿದ್ದರು. ಅದು ಹೊಲದ ಧೂಳಿನ ಜೊತೆ ಒಣಗಿ ಗಟ್ಟಿಯಾಗಿ, ತೆಗೆದಾಗೊಮ್ಮೆ ಹಾಕಿದಾಗೊಮ್ಮೆ ಅಲಗನ್ನು ಗೀರುತ್ತಿತ್ತೆಂದು ಅವಳು ತೋರಿಸಿ ಹೇಳಿದಳು.

"ದೇವರ ಭಸ್ಮ ಗೀರತೈತಂತ! ಕೇಳ್ರಿ ಇಕಿ ಮಾತು," ಎಂದು ಸಾತಲಿಂಗಪ್ಪ ನಕ್ಕ. ಆಮೇಲೆ ದನಿ ತಗ್ಗಿಸಿ, "ತಿಕ್ಕೂದು ಇದ್ರ ತಿಕ್ಕು. ಮದಿವಿ ದಿನಾ ಮಾತ್ರ ದೂರ ಇರು," ಎಂದ.

ಅವಳು ಉತ್ತರ ಕೊಡಲಿಲ್ಲ. ಆ ಮೌನವನ್ನೇ ಜನ ಶಾಂತ ಸ್ವಭಾವ ಎಂದುಕೊಂಡರು.

ನಾಲ್ಕು ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಕೂತಳು. ಅಲಗನ್ನು ಹಲಗೆಯ ಮೇಲೆ ಮಲಗಿಸಿ, ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು, ನುಣುಪು ಪಾಲಿಶ್ ಪೇಪರನ್ನು ಚಪ್ಪಟೆ ಕಟ್ಟಿಗೆಗೆ ಸುತ್ತಿ ಹಿಡಿಕೆಯಿಂದ ತುದಿಗೆ ಎಳೆದಳು. ಒಂದೇ ದಿಕ್ಕು; ಹಿಂದೆ ಮುಂದೆ ಉಜ್ಜಿದರೆ ಹೊಸ ಗೀರು. ಮರುದಿನ ಇನ್ನೂ ನುಣುಪಿನ ಪೇಪರು. ಬಳ್ಳಿಯಿದ್ದ ಕಡೆ ಪೇಪರು ತಾಗಿಸದೆ ಎಣ್ಣೆಬಟ್ಟೆಯಿಂದಷ್ಟೇ ಒರೆಸಿದಳು. ಆಳದ ಎರಡು ಗೀರು ಹೋಗಲಿಲ್ಲ; ಅವನ್ನು ತೆಗೆಯಲು ಹೋದರೆ ಅಲಗೇ ತೆಳ್ಳಗಾಗುತ್ತದೆಂದು ಬಿಟ್ಟಳು. ಬಿದಿರುಕಡ್ಡಿಗೆ ಬಟ್ಟೆ ಸುತ್ತಿ, ಅದು ಬೆಳ್ಳಗೇ ಹೊರಬರುವವರೆಗೆ ಒರೆಯ ಒಳಗನ್ನು ಒರೆಸಿದಳು.

ಮದುವೆ ಅಕ್ಕಲಕೋಟೆಯ ಮಂಗಲ ಕಾರ್ಯಾಲಯದಲ್ಲಿ. ಗಿರಿಜಾಬಾಯಿ ಭಾವ ಹೇಳಿದ ಜಾಗದಲ್ಲೇ, ಕಂಬದ ಹಿಂದೆ ನಿಂತಳು. ಮದುವೆ ಮಾಡಿಸುವ ಬಸಯ್ಯ ಸ್ವಾಮಿಗಳು ಅಲಗಿಗೆ ವಿಭೂತಿ ಧಾರಾಳವಾಗಿ ಬಳಿದು, ಕುಂಕುಮ ಇಟ್ಟು, ಸಾತಲಿಂಗಪ್ಪನಿಗೆ ಕೊಟ್ಟರು. ಅವನು ಅದನ್ನು ಹಾಗೇ ಒರೆಯ ಬಾಯಿಗೆ ಹಿಡಿದ.

ಅವಳು ನಡೆದದ್ದು ಯಾರಿಗೂ ಕಾಣಲಿಲ್ಲ. ಕಂಡಾಗ ಅವಳ ಕೈ ಭಾವನ ಮಣಿಕಟ್ಟಿನ ಮೇಲಿತ್ತು.

"ನಿಂದರ್ರಿ ಭಾವಾರ. ಒರಸದ ಹಾಕಬ್ಯಾಡ್ರಿ."

"ಏ, ಕೈ ತಗಿ! ಅಪಶಕುನ!"

"ನಾಕು ದಿನಾ ತಿಕ್ಕಿದಾಗ ಆಗಲಾರದ ಅಪಶಕುನ ಈಗ ಹೆಂಗ ಆತ್ರಿ?"

ಕಟ್ಯಾರವನ್ನು ಅವನ ಕೈಯಿಂದ ತೆಗೆದುಕೊಂಡು, ಹೊಸ ಸೀರೆಯ ಸೆರಗಿನಿಂದಲೇ ಹಿಡಿಕೆಯಿಂದ ತುದಿಗೆ ಒರೆಸಿದಳು. ಬಳ್ಳಿಯ ಮೇಲೆ ಕುಂಕುಮದ ಒಂದು ಚುಕ್ಕೆ ಉಳಿಸಿದಳು. ಸ್ವಾಮಿಗಳು ಯಾರ ಕಡೆ ನೋಡುವುದೆಂದು ತಿಳಿಯದೆ ಗಂಟಲು ಸರಿಮಾಡಿಕೊಂಡರು.

"ಅಯ್ಯಾರ, ಇಷ್ಟು ಸಾಕಲ್ರಿ?"

"ಸಾಕವಾ, ಸಾಕು. ಹೊತ್ತು ಮೀರಾಕತ್ತೈತಿ."

ಸಾತಲಿಂಗಪ್ಪ ಕೈ ಚಾಚಿದ. "ಕೊಡು ಇಲ್ಲಿ."

ಅವಳು ಕೊಡಲಿಲ್ಲ. ಅಲಗನ್ನು ಒರೆಗೆ ಇಳಿಸಿ ನೇರ ಮಗನ ಹತ್ತಿರ ಹೋದಳು. "ಕಾಯ ಹೇ," ಏನಿದು ಎಂದು ಬೀಗರ ಕಡೆಯ ಯಾರೋ ಮರಾಠಿಯಲ್ಲಿ ಕೇಳಿದರು.

"ಅಲಗಿನ ಬೆನ್ನು ಒರಿಗಿ ತಾಗಿಸಿ ಹಿಂಗ ಮೆಲ್ಲಕ ತಗಿ," ಎಂದಳು ನಿತಿನನಿಗೆ. "ಮಗ್ಗಲಾ ಉಜ್ಜಬಾರದು. ತಿಳೀತಿಲ್ಲೊ?"

"ತಿಳೀತವ್ವಾ." ಅವನು ಎರಡೂ ಕೈಯಿಂದ ತೆಗೆದುಕೊಂಡ.

ಸಾತಲಿಂಗಪ್ಪ ಹಲ್ಲು ಕಚ್ಚಿ ಹತ್ತಿರ ಬಂದ. "ಫೋಟೋದಾಗ ಬಂದಿ ನೋಡು. ನಾಳೆ ಮಂದಿ ಏನಂದಾರು?"

"ಬರ್ಲಿ ಬಿಡ್ರಿ," ಎಂದಳು ಗಿರಿಜಾಬಾಯಿ, ಮಗನ ಪಕ್ಕದಿಂದ ಕದಲದೆ. "ನೀವೂ ಬರ್ರಿ, ಈ ಕಡೆ ಜಾಗಾ ಐತಿ."