ಹಗ್ಗದಿಂದ ಇಳಿದ ಹುಡುಗಿ

ಕೆ.ಆರ್.ಪೇಟೆಯ ಸಂತೆ ಮೈದಾನದಲ್ಲಿ ತನ್ನ ಅಪ್ಪನ ಡೋಲು ಕೇಳಿಸುವಷ್ಟು ದಿನ ಮಾತ್ರ ಆ ಹುಡುಗಿ ನಾನು ಪಾಠ ಹೇಳುವ ಶಾಲೆಗೆ ಬರುತ್ತಿದ್ದಳು. ಆಮೇಲೆ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ. ಅಪ್ಪ ಡೋಲು ಬಾರಿಸಿದರೆ ಇವಳು ಬಿದಿರಿಗೆ ಬಿಗಿದ ಹಗ್ಗದ ಮೇಲೆ ನಡೆಯುತ್ತಿದ್ದಳು. ಹೋದ ಊರಿನಲ್ಲೆಲ್ಲ ಶಾಲೆಯವರು ಪುಸ್ತಕದ ಮೊದಲ ಪಾಠ ಓದಿಸಿ ನೋಡುವರಂತೆ. ಅದು ಅವಳಿಗೆ ಬಾಯಿಪಾಠ. ಎರಡನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಮೈ ಉರಿಯಿತು.

ಅವಳಿಗೊಂದು ಹಾಸ್ಟೆಲ್ ಸೀಟಿಗಾಗಿ ಅಲೆದೆ, ಕಂಡಕಂಡವರನ್ನು ಕಾಡಿದೆ. ಸೀಟು ಸಿಕ್ಕ ಮೇಲೆ ಅಪ್ಪನನ್ನು ಒಪ್ಪಿಸಲು ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡು ಅವರ ಗುಡಾರಕ್ಕೆ ಹೋದೆ. ಅರ್ಧ ಹೇಳುವಷ್ಟರಲ್ಲೇ ಆತ ತಲೆಯಾಡಿಸಿಬಿಟ್ಟ.

"ಓದ್ಲಿ ಬುಡಿ ಮೇಡಂ. ಎಂಗೂ ತೂಕ ಬಂದ್ಬುಟ್ಟೈತೆ ಅವಳ್ಗೆ."

ಎಲ್ಲ ನನ್ನ ಮಾತಿನ ಮಹಿಮೆ ಎಂದುಕೊಂಡು ಬೀಗುತ್ತ ಬಂದೆ.

ಹುಡುಗಿ ಚುರುಕು. ಪಾಠದ ಮೇಲೆ ಪಾಠ ಮುಗಿಸಿದಳು. ಆದರೆ ಊಟ ಬಿಡತೊಡಗಿದಳು. ತಟ್ಟೆಯಲ್ಲಿ ಮುದ್ದೆ ಮುರಿಯದೆ ಹಾಗೇ ಇರುತ್ತಿತ್ತು. ಮನೆಯ ನೆನಪಿರಬೇಕು ಎಂದು ಪುಸಲಾಯಿಸಿದೆ, ಬೈದೆ. ಕೆನ್ನೆಗಳು ಒಳಕ್ಕೆ ಹೋದವು. ಕೊನೆಗೆ ಅಪ್ಪನಿಗೆ ತಿಳಿಸೋಣವೆಂದು ಒಂದು ಭಾನುವಾರ ಪಾಂಡವಪುರದ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಜನ ಸೇರಿದ್ದರು. ಹಗ್ಗದ ಮೇಲೆ ಅವಳ ತಂಗಿ. ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸಿನ ಮಗು. ಕೋಲು ಹಿಡಿದಿದ್ದಳು, ಕಣ್ಣು ಅಪ್ಪನ ಮೇಲೇ ಇತ್ತು. ಆಟ ಮುಗಿದ ಮೇಲೆ, ಇಷ್ಟು ಚಿಕ್ಕದನ್ನು ಯಾಕೆ ಹತ್ತಿಸಿದೆ ಎಂದು ಕೇಳಿದರೆ, ಆತನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಮನೆಯಲ್ಲಿ ಯಾರು ಹಗುರವೋ ಅವರು ಹಗ್ಗ ಹತ್ತುವುದು ಅವರ ಪದ್ಧತಿ. ತಾನೂ ಹತ್ತಿದವನೇ, ತನ್ನ ಅಕ್ಕನೂ ಹತ್ತಿದವಳೇ ಎಂದ. ದೊಡ್ಡವಳು ಉಣ್ಣುತ್ತಿಲ್ಲ ಎಂದಾಗ ಮಾತ್ರ ಅವನ ಮುಖ ಬಾಡಿತು. ಅವಳಿಗೆಂದು ಒಂದು ಪೊಟ್ಟಣ ಖಾರಾ ಬೂಂದಿ ಕೊಟ್ಟು ಕಳಿಸಿದ.

ಸಂಜೆ ಹಾಸ್ಟೆಲ್ಲಿನಲ್ಲಿ ಪೊಟ್ಟಣ ಕೊಟ್ಟೆ. ಅವಳು ಬಿಚ್ಚಲಿಲ್ಲ. ತಂಗಿ ಬಿದ್ದಳಾ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಯಾಕಮ್ಮ ಉಣ್ಣುವುದಿಲ್ಲ ಎಂದು ಪಕ್ಕದಲ್ಲೇ ಕೂತೆ. ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಹೇಳಿದಳು:

"ನಾನು ಸಣ್ಣ ಆದ್ರೆ ಅಪ್ಪ ನನ್ನೇ ಮ್ಯಾಕೆ ಅತ್ತುಸ್ತಾನೆ ಮಿಸ್ಸು. ಅವ್ಳು ಇಳ್ಕಬೋದು."

ಊಟದ ಗಂಟೆ ಹೊಡೆಯಿತು. ಮಕ್ಕಳೆಲ್ಲ ತಟ್ಟೆ ಹಿಡಿದು ಓಡಿದರು. ಏಳು, ಹೋಗಿ ಉಣ್ಣು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.