ನನ್ನ ಶಿಫಾರಸು ಪತ್ರ ಬರೆದವಳು

ಆ ವಿಶ್ವವಿದ್ಯಾಲಯವನ್ನು ನಾನು ಕಣ್ಣಾರೆ ನೋಡಿಲ್ಲ. ಅದರ ಪರಿಚಯ ಪುಸ್ತಿಕೆ ಮಾತ್ರ ಬಾಯಿಪಾಠವಾಗಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರದ ನೆರವಿನಿಂದ ನಡೆಯುವ, ಸಂಶೋಧನೆಯನ್ನೇ ಮುಖ್ಯ ಮಾಡಿಕೊಂಡ ಹೊಸ ಕಾಲದ ವಿಶ್ವವಿದ್ಯಾಲಯ. ಗೋಪುರ, ಗಂಟೆಗಳಿಲ್ಲ; ಬೂದು ಕಾಂಕ್ರೀಟು, ಗಾಜು, ನಡುವೆ ತೋಡಿಸಿದ ಒಂದು ಕೆರೆ. ಯಾವ ವಿಭಾಗದಲ್ಲಿ ಏನೇನು ಸಂಶೋಧನೆ, ಎಲ್ಲೆಲ್ಲಿಂದ ವಿದ್ಯಾರ್ಥಿಗಳು, ಎಲ್ಲವೂ ಅದರಲ್ಲಿತ್ತು. ತೊಂಬತ್ತರ ದಶಕದ ಕೊನೆಗೆ, ಎಂ.ಎಸ್‌ಸಿ. ಮುಗಿಸಿದ ವರ್ಷ, ನಾನೂ ನನ್ನ ಗೆಳತಿಯೂ ಕಂಟೋನ್ಮೆಂಟಿನ ಗ್ರಂಥಾಲಯವೊಂದರಲ್ಲಿ ಕೂತು ಅದನ್ನು ಓದುತ್ತಿದ್ದೆವು. ಸಸ್ಯಶಾಸ್ತ್ರದಲ್ಲಿ ವರ್ಷಕ್ಕೆ ನಮ್ಮ ದೇಶದ ಒಬ್ಬರಿಗೆ ಪೂರ್ಣ ವಿದ್ಯಾರ್ಥಿವೇತನವಿತ್ತು. ಅದಿಲ್ಲದೆ ಹೋಗುವುದು ಇಬ್ಬರಿಗೂ ಸಾಧ್ಯವಿರಲಿಲ್ಲ.

‘ಸ್ವತಂತ್ರವಾಗಿ ಕೆಲಸ ಮಾಡಬಲ್ಲವರಿಗೆ ಆದ್ಯತೆ’ ಎಂಬ ಸಾಲನ್ನು ಗಟ್ಟಿಯಾಗಿ ಓದಿದವಳು ಅವಳೇ ಎಂದು ನನ್ನ ನೆನಪು. ಆ ದಿನದ ಡೈರಿ ತೆಗೆದರೆ ‘ಲೈಬ್ರರಿ. ಆಮೇಲೆ ಬನ್ನು, ಟೀ’ ಎಂದಷ್ಟೇ ಇದೆ. ನಾನೇ ಓದಿದ್ದೆನೋ ಏನೋ. ಇಬ್ಬರಿಗೂ ಆ ಸಾಲು ಗೊತ್ತಿತ್ತು ಎನ್ನುವುದಂತೂ ನಿಜ.

ಅರ್ಜಿಗೆ ಪ್ರಾಧ್ಯಾಪಕರ ಶಿಫಾರಸು ಪತ್ರ ಬೇಕಿತ್ತು. ನಮ್ಮ ವಿಭಾಗದಲ್ಲಿ ಅದನ್ನು ಪ್ರಾಧ್ಯಾಪಕರು ಬರೆಯುತ್ತಿರಲಿಲ್ಲ. “ನೀವೇ ಬರ್ಕೊಂಡ್ ಬನ್ರಮ್ಮ, ಸೈನ್ ಹಾಕಿ ಕವರ್ ಅಂಟಿಸ್ತೀನಿ” ಎಂದರು.

“ನಮ್ಮನ್ನ ನಾವೇ ಹೊಗಳ್ಕೊಳೋದಾ? ಥೂ!” ಎಂದೆ ಹೊರಗೆ ಬಂದು.

“ನಂದು ನೀನ್ ಬರಿ, ನಿಂದು ನಾನ್ ಬರೀತೀನಿ. ಮುಗೀತಲ್ಲ ಗುರು” ಎಂದಳು. ಬರೆದದ್ದನ್ನು ಒಬ್ಬರಿಗೊಬ್ಬರು ತೋರಿಸಬಾರದು ಎಂದೂ ಮಾತಾಯಿತು. ಓದಿದರೆ ನಾಚಿಕೆಯಲ್ಲವೇ?

ಇರುವುದು ಒಂದೇ ಸ್ಥಾನ ಎಂಬುದು ಆಗ ಹೊಳೆಯಲೇ ಇಲ್ಲ ಎಂದು ಬರೆಯಹೊರಟಿದ್ದೆ. ಹೊಳೆದಿತ್ತು. ಆದರೆ ಗೆಳತಿಯ ವಿಷಯದಲ್ಲಿ ಅದನ್ನು ಯೋಚಿಸುವುದೇ ಸಣ್ಣತನ ಅನ್ನಿಸಿತ್ತು.

ಮೂರು ಸಂಜೆ ಕೂತು ಅವಳ ಪತ್ರ ಬರೆದೆ. ಸ್ಥಾನ ಅವಳಿಗೇ ಸಿಕ್ಕಿತು. ವಿಮಾನ ನಿಲ್ದಾಣಕ್ಕೆ ಹೋಗಿ ತಬ್ಬಿಕೊಂಡು ಅತ್ತು ಕಳಿಸಿಬಂದೆ. ಸುಳ್ಳು ಅಳುವಲ್ಲ ಅದು.

ಮರುವರ್ಷ ನಾನೊಬ್ಬಳೇ ಅರ್ಜಿ ಹಾಕಲು ಹೊರಟೆ. ಹಿಂದಿನ ವರ್ಷ ಇಬ್ಬರೂ ಬೇರೆ ಬೇರೆಯಾಗಿ ಹೋಗಿ ಪತ್ರ ಟೈಪ್ ಮಾಡಿಸಿದ್ದ, ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲಿಯ ಕಂಪ್ಯೂಟರ್ ಟೈಪಿಂಗ್ ಅಂಗಡಿಗೆ ಹೋದರೆ ಅಲ್ಲಿನ ಸಾಹೇಬರು ಗುರುತು ಹಿಡಿದರು. “ಹೊಸ್ದು ಯಾಕೆ ಮೇಡಂ? ನಿಮ್ದು ಹೋದ್ ವರ್ಷದ್ದು ಇಲ್ಲೇ ಐತೆ. ಡೇಟ್ ಬದ್ಲಾಯ್ಸಿದ್ರೆ ಆಯ್ತು, ಬಸ್.”

ತೆರೆಯ ಮೇಲೆ ನನ್ನ ಹೆಸರಿತ್ತು. ಕೆಳಗೆ, ಈಕೆ ವಿಧೇಯಳು, ಅಚ್ಚುಕಟ್ಟು. ಪಕ್ಕದಲ್ಲಿದ್ದು ತಿದ್ದುವವರಿದ್ದರೆ ಹೇಳಿದ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತಾಳೆ, ಎಂದಿತ್ತು. ಎರಡು ವರ್ಷ ಯಾರ ನೆರವೂ ಇಲ್ಲದೆ ಹಲಸೂರು ಕೆರೆಯ ಕೆಸರಿಗಿಳಿದು ನಾನು ಪಾಚಿ ಸಂಗ್ರಹಿಸಿದ್ದರ ಬಗ್ಗೆ ಒಂದಕ್ಷರವಿಲ್ಲ. ಎಷ್ಟೋ ದಿನ ದಡದಲ್ಲಿ ನನ್ನ ಚಪ್ಪಲಿ ಹಿಡಿದು ನಿಂತಿದ್ದವಳೇ ಇದನ್ನು ಬರೆದವಳು.

“ಮಿಸ್ಟೇಕ್ ಐತಾ ಮೇಡಂ?”

“ಟೈಪಿಂಗ್ ಸರಿ ಇದೆ” ಎಂದೆ.

ಆ ಪ್ರತಿಯನ್ನು ಹಿಡಿದು ಪ್ರಾಧ್ಯಾಪಕರ ಬಳಿ ಹೋದೆ. ಓದದೆ ಸಹಿ ಹಾಕಿರಬೇಕು ಎಂದುಕೊಂಡಿದ್ದೆ.

“ಓದಿದ್ದೆ ಕಣಮ್ಮ” ಎಂದರು. “ಇಷ್ಟೊಂದ್ ಕಮ್ಮಿ ಬರ್ಕೊಂಡಿದ್ದಾಳಲ್ಲ ಅನ್ನಿಸ್ತು. ನಿಮ್ ಬಗ್ಗೆ ನೀವೇ ಹಂಗೆ ಬರ್ಕೊಂಡ್ಮೇಲೆ ನಾನೇನ್ ತಿದ್ಲಿ?”

ಬರೆದವಳು ನಾನಲ್ಲ ಎನ್ನಬಹುದಿತ್ತು. ಆಗ ಗೆಳತಿಯದನ್ನು ಬರೆದವಳು ನಾನು ಎಂದೂ ಹೇಳಬೇಕಾಗುತ್ತಿತ್ತು. ಅವಳನ್ನು ಉಳಿಸಲೆಂದು ಸುಮ್ಮನಿದ್ದೆನೋ, ಬೈಸಿಕೊಳ್ಳುವ ಭಯದಿಂದಲೋ, ಇಂದಿಗೂ ಖಚಿತವಿಲ್ಲ.

ಈ ಸಲ ನನ್ನ ಬಗ್ಗೆ ನಾನೇ ಬರೆದೆ. ಅವರು ಸಹಿ ಹಾಕಿದರು. ಎರಡು ತಿಂಗಳಿಗೆ ಇಂಗ್ಲೆಂಡಿನಿಂದ ಉತ್ತರ ಬಂತು: ಇದೇ ಪ್ರಾಧ್ಯಾಪಕರು ಕಳೆದ ವರ್ಷ ನಿಮ್ಮ ಬಗ್ಗೆ ಕಳಿಸಿದ ಪತ್ರ ನಮ್ಮ ಕಡತದಲ್ಲಿದೆ, ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ, ಆದ್ದರಿಂದ ನಿಮ್ಮ ಅರ್ಜಿಯನ್ನು ಪರಿಗಣಿಸಲಾಗದು. ಮರ್ಯಾದೆಯ ಭಾಷೆಯಲ್ಲೇ ಇತ್ತು.

ಅದರ ಜೆರಾಕ್ಸ್ ತೆಗೆಸಿ, ನನ್ನ ಬಗ್ಗೆ ಬರೆದಿದ್ದ ಆ ಹಳೆಯ ಪತ್ರದ ಪ್ರತಿಯ ಜೊತೆ ಗೆಳತಿಗೆ ಕಳಿಸಿದೆ. ನನ್ನದೆಂದು ಒಂದು ಸಾಲೂ ಸೇರಿಸಲಿಲ್ಲ. ಉತ್ತರ ಬರಲಿಲ್ಲ.

ಜನವರಿಯಲ್ಲಿ ಇಂದಿರಾನಗರದ ತರಕಾರಿ ಅಂಗಡಿಯಲ್ಲಿ ಅವಳ ತಾಯಿ ಸಿಕ್ಕರು. ಕೈ ಹಿಡಿದುಕೊಂಡೇ ಆಕ್ಷೇಪಿಸಿದರು: “ಏನಮ್ಮ ನೀನು, ಅವ್ಳು ಬಂದು ಮೂರ್ ವಾರ ಇದ್ಲು, ಒಂದ್ಸಲ ಮನೆ ಕಡೆ ತಲೆ ಹಾಕ್ಲಿಲ್ವಲ್ಲ? ನಿನ್ನೆ ಹೋದ್ಲು. ಎಷ್ಟ್ ಸಲ ಫೋನ್ ಮಾಡಿದ್ರೂ ಪುರುಸೊತ್ತಿಲ್ಲ ಅಂದ್ಯಂತೆ.”

ನನಗೆ ಒಂದು ಫೋನೂ ಬಂದಿರಲಿಲ್ಲ.

“ಹೌದು ಆಂಟಿ” ಎಂದೆ. “ಕೆಲ್ಸ ಇತ್ತು.”